ನೀರಿನ ಅಂಜಿಕೆ

ಹೋದ ಸಂಚಿಕೆಯಲ್ಲಿ ಬೇಸಗೆಯ ದಿನಗಳಿಗಾಗಿ ನೀರನ್ನು ಕೂಡಿಡುವ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಗೃಹಿಣಿಯೊಬ್ಬರು ಕಾಗದ ಬರೆದು, “ನೀರನ್ನು ಕಾಯುವ ಬಗೆಯನ್ನು ತಿಳಿಸಿದಿರಿ, ನೀರನ್ನು ಕಂಡರೆ ಅಂಜಿ ಅಳುವ ನನ್ನ ಮಗನಿಗೆ ಏನು ಹೇಳಬೇಕೆಂಬುವದನ್ನೂ ತಿಳಿಸಿರಿ” ಎಂದು ಕೇಳಿರುವರು. ಇಂಥ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವು ವೈದ್ಯರಿಗೋ ಈಜುಗಾರರಿಗೋ ಸಲ್ಲತಕ್ಕದ್ದು. ಆದರೂ ಒಂದು ಕಾರಣದಿಂದ ಅದು ನನಗೂ ಸಲ್ಲುವದೆಂದು ಧೈರ್ಯ ಮಾಡಿ ಲೇಖನಿಯನ್ನು ಹಿಡಿದಿರುವೆನು. ನಾಲ್ವತ್ತೈದು ವರುಷಗಳ ಕಾಲ ನೀರಿಗೆ ಅಂಜಿಯೇ ಬಾಳಿದವನು ನಾನು. ಹೋದ ಜನವರಿಯಲ್ಲಿ ಅದೇ ನಾನು ಅರಬ್ಬೀ ಸಮುದ್ರದಲ್ಲಿ ಸುಮಾರು ಮೂವತ್ತು ಅಡಿಗಳ ಆಳದವರೆಗೆ ಇಳಿದು, ಅರ್ಧ ತಾಸಿನ ಹತ್ತಿರ ಹತ್ತಿರ ಅಲ್ಲಿದ್ದು, ಈ ಅಂಕಣವನ್ನು ಬರೆಯಲಿಕ್ಕೆ ಕ್ಷೇಮವಾಗಿ ತಿರುಗಿ ಬಂದೆನು.

ನಮ್ಮ ಊರು ಅಣ್ಣಿಗೇರಿ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ರೈಲುದಾರಿಯ ಮೇಲಿನ ಈ ಊರನ್ನು ವಾಚಕರಲ್ಲಿ ಕೆಲವರು ಅಮೃತೇಶ್ವರನ ಗುಡಿಯ ಸಲುವಾಗಿ ಬಲ್ಲರು, ಕೆಲವರು ಆದಿಕವಿ ಪಂಪನ ಹೆಸರಿನ ಸಲುವಾಗಿ ಬಲ್ಲರು. ವ್ಯಾಪಾರಸ್ಥರು ಹತ್ತಿ-ಕಡಲೆಗಳ ಸಲುವಾಗಿ ಬಲ್ಲರು. ನೀರಿನ ಸಲುವಾಗಿ ಬಲ್ಲವರು ಒಬ್ಬರೂ ಇರಲಿಕ್ಕಿಲ್ಲ. ನಾಲ್ಕೂ ದಿಕ್ಕಿಗೆ ಎರೆಯ ಬಯಲು. ತೋಡಿದ ಬಾವಿಗಳಲ್ಲಿ ಬಹಳ ಕಡೆ ಸವಳು ನೀರು. ಕುಡಿಯುವದಕ್ಕೆ ಈ ಸೀಮೆಯ ಹಳ್ಳಿಗಳಿಗೆ ಹಿಂದಿನಿಂದಲೂ ಮಳೆಯ ನೀರು ನಿಂತ ಕೆರೆಗಳೇ ಗತಿ, ಈಚಿನ ಕಾಲದಲ್ಲಿ ಮಲಪ್ರಭೆಯ ಕಾಲುವೆ. ಹೀಗಾಗಿ ನಮಗೆ ನೀರೆಂದರೆ ಕೊಡದೊಳಗಿನ ವಸ್ತು. ಅದನ್ನು ಹೊರುವರು, ಎಣಿಸುವರು, ಸೋಸುವರು, ನೆರೆಮನೆಯವರಿಗೆ ಕಡ ಕೊಡುವರು. ಅದರೊಳಗೆ ಮನುಷ್ಯನು ಇಳಿದು ಇರಬಹುದೆಂಬ ಕಲ್ಪನೆಯೇ ನಮ್ಮಲ್ಲಿ ಹುಟ್ಟುವದಿಲ್ಲ. ಇನ್ನು ಬೆಣ್ಣಿಹಳ್ಳವೊಂದುಂಟು. ವರುಷದ ಬಹುಭಾಗ ಅದು ಕೆಸರು ಮತ್ತು ಜಾಲಿಕಂಟಿ. ಮೇಲಿನ ಸೀಮೆಯಲ್ಲಿ ಮಳೆಯಾಯಿತೆಂದರೆ ಒಂದೇ ರಾತ್ರಿಯಲ್ಲಿ ಹೊಲಗಳ ಮೇಲೆ ಹರಿಯುವದು. 2019ರ ಆಗಸ್ಟಿನಲ್ಲಿ ನವಲಗುಂದದ ಕಡೆಯ ಹಳ್ಳಿಗಳವರು ಅದರ ಆ ರೂಪವನ್ನು ಕಣ್ಣಾರೆ ಕಂಡಿರುವರು. ಸಾಲದೆ ಬಂದರೂ ಸಂಕಟ, ಮಿಕ್ಕಿ ಬಂದರೂ ಸಂಕಟ. ಇಂಥ ನೀರಿನೊಡನೆ ಸ್ನೇಹ ಬೆಳೆಯುವದೆಂತು?

ನನ್ನ ಅಂಜಿಕೆಗೆ ಮಾತ್ರ ಒಂದು ಗೊತ್ತಾದ ಹುಟ್ಟುಹಬ್ಬವುಂಟು. ನನಗೆ ಒಂಬತ್ತು ವರುಷ ತುಂಬಿದಾಗ, ಬೇಸಗೆಯ ಸೂಟಿಯಲ್ಲಿ, ಸೋದರಮಾವನ ತೋಟದ ಬಾವಿಗೆ ದೊಡ್ಡ ಹುಡುಗರೊಡನೆ ಹೋಗಿದ್ದೆನು. ಆಗ ಈಜು ಕಲಿಸುವ ಪದ್ಧತಿಯು ಬಹಳ ಸುಲಭವಾಗಿತ್ತು; ಒಣಗಿದ ಸೋರೆಯ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಮೇಲಿನಿಂದ ನೂಕಿಬಿಡುವದು. ನನ್ನನ್ನೂ ನೂಕಿದರು. ಹಗ್ಗದ ಗಂಟು ಸಡಿಲಾಗಿ ಬುರುಡೆಯು ಮೇಲೆ ತೇಲಿತು, ನಾನು ಕೆಳಗೆ ಹೋದೆನು. ಮೂಗಿನಿಂದ ನೆತ್ತಿಯವರೆಗೆ ಹಸಿಮೆಣಸಿನಕಾಯಿಯನ್ನು ಅರೆದು ತುಂಬಿದಂತೆ ಆದದ್ದೂ, ಹಸಿರು ಬೆಳಕೊಂದು ಮೇಲೆ ಮೇಲೆ ಹೋಗುತ್ತಿದ್ದದ್ದೂ ಇಂದಿಗೂ ನೆನಪಿರುವದು. ತೋಟದ ಆಳುಮಗನೊಬ್ಬನು ಹಾರಿ, ಜುಟ್ಟು ಹಿಡಿದು ಎತ್ತಿದನು. ಆ ಹುಡುಗರಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ಅವರಿಗೂ ಹಾಗೆಯೇ ಕಲಿಸಿದ್ದರು.

ಅಂದಿನಿಂದ ನಾನು ನೀರಿಗೆ ಇಳಿಯಲಿಲ್ಲ. ಕೂಡಲಸಂಗಮದಲ್ಲಿ ಎಲ್ಲರೂ ಹೊಳೆಯಲ್ಲಿ ಮುಳುಗೆದ್ದರೆ ನಾನು ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ತಲೆಗೆ ಹೊಯ್ದುಕೊಂಡೆನು. ಯಮನೂರಿನ ಜಾತ್ರೆಯಲ್ಲಿ ಸಾವಿರಾರು ಜನರು ಬೆಣ್ಣಿಹಳ್ಳದಲ್ಲಿ ಸ್ನಾನ ಮಾಡುವಾಗ ನಾನು ಚಪ್ಪಲಿ ಕಾಯುವ ಕೆಲಸವನ್ನು ಬಹು ನಿಷ್ಠೆಯಿಂದ ಮಾಡಿದೆನು. ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಅಂಜಿಕೆಯು ಬಹಳ ದಿನ ಮನೆಯಲ್ಲಿ ಉಳಿದರೆ ಅಂಜಿಕೆಯೆಂಬ ಹೆಸರಿನಿಂದ ಉಳಿಯುವದಿಲ್ಲ. ಅದು ವಿವೇಕವೆಂದು ಹೆಸರಿಟ್ಟುಕೊಂಡು ಗೌರವದಿಂದ ಕಟ್ಟೆಯ ಮೇಲೆ ಕೂಡ್ರುವದು. “ನಮ್ಮಂಥ ಮಂದಿಗೆ ಈಜು ಯಾತಕ್ಕೆ?” ಎಂದು ನಾನು ಹೇಳುತ್ತಿದ್ದೆನು. ಮಗಳು ಶಾಲೆಯ ಮಕ್ಕಳೊಡನೆ ಈಜು ಕಲಿಯುತ್ತೇನೆಂದಾಗ ಬೇಡವೆಂದೆನು. ಆಕೆಯು ಮತ್ತೆ ಕೇಳಲಿಲ್ಲ. ಹೆಣ್ಣುಮಕ್ಕಳು ಎರಡನೆಯ ಸಲ ಕೇಳದಿರುವದನ್ನು ನಾವು ಸಮ್ಮತಿಯೆಂದು ತಿಳಿಯುವೆವು.

ಈ ವಿವೇಕದ ಮುಖವಾಡವು ಕಳಚಿ ಬಿದ್ದದ್ದು ಎರಡು ವರುಷಗಳ ಹಿಂದೆ, ಒಂದು ಕೃಷಿಹೊಂಡದ ದಂಡೆಯ ಮೇಲೆ. 2014ರಿಂದೀಚೆಗೆ ಸರಕಾರದ ಕೃಷಿಭಾಗ್ಯ ಯೋಜನೆಯ ನೆರವಿನಿಂದ ನಮ್ಮ ಒಣಬೇಸಾಯದ ಸೀಮೆಯಲ್ಲಿ ಇಂಥ ಹೊಂಡಗಳು ಬಹಳವಾಗಿರುವವು. ರೈತನಿಗೆ ಅವು ದೊಡ್ಡ ಉಪಕಾರ ಮಾಡಿರುವವೆಂಬುವದರಲ್ಲಿ ಸಂದೇಹವಿಲ್ಲ. ಆದರೆ ನೀರು ಇಂಗಬಾರದೆಂದು ಪ್ಲಾಸ್ಟಿಕಿನ ಹಾಳೆಯನ್ನು ಹಾಸಿದ ಹೊಂಡದ ಇಳಿಜಾರು, ನೀರು ತಾಗಿದರೆ ಎಣ್ಣೆ ಸವರಿದ ಹಂಚಿನಂತಾಗುವದು. ಬಿದ್ದವನು ಈಜು ಬಲ್ಲವನಾದರೂ ಕಾಲೂರಿ ಮೇಲೆ ಹತ್ತಲಾರನು. ನೆರೆಯ ಹೊಲದವರ ಹದಿನಾಲ್ಕು ವರುಷದ ಹುಡುಗನೊಬ್ಬನು ಕೊಡ ತುಂಬಲಿಕ್ಕೆ ಹೋಗಿ ಹಾಗೆ ಜಾರಿದನು. ಕೂಗು ಕೇಳಿ ಓಡಿದವರು ನಾವು ಮೂವರು. ನಾನೇ ಎಲ್ಲರಿಗಿಂತ ಮೊದಲು ಮುಟ್ಟಿದೆನು, ಮುಟ್ಟಿ, ನಿಂತುಬಿಟ್ಟೆನು. ಕಾಲು ಏಳಲಿಲ್ಲ, ಕೈ ಏಳಲಿಲ್ಲ, ಬಾಯಿಂದ ಧ್ವನಿಯೂ ಹೊರಡಲಿಲ್ಲ. ನನ್ನ ಹೆಗಲ ಮೇಲೆ ಒಂಬತ್ತು ಮೊಳದ ರುಮಾಲವಿತ್ತೆಂಬುವದು ಕೂಡ ನನಗೆ ಹೊಳೆಯಲಿಲ್ಲ. ಹಿಂದಿನಿಂದ ಬಂದ ಕುರುಬನೊಬ್ಬನು ದಂಡೆಯ ಮೇಲೆ ಬೋರಲಾಗಿ ಮಲಗಿ, ತನ್ನ ಕಂಬಳಿಯ ಒಂದು ತುದಿಯನ್ನು ಹುಡುಗನ ಕಡೆಗೆ ಎಸೆದು, ಇನ್ನೊಂದನ್ನು ಮುಂಗೈಗೆ ಸುತ್ತಿಕೊಂಡು ಎಳೆದನು. ಹುಡುಗನು ಬದುಕಿದನು. ಆ ಕುರುಬನಿಗೆ ಈಜು ಬರುತ್ತಿತ್ತೋ ಎಂದು ತರುವಾಯ ಕೇಳಿದೆನು. “ಇಲ್ರೀ, ನನಗೂ ನೀರಂದ್ರ ಅಂಜಿಕಿನ” ಎಂದನು.

ಅಂದು ರಾತ್ರಿ ನನಗೆ ಊಟವು ಸೇರಲಿಲ್ಲ. ಅವನಿಗೂ ಅಂಜಿಕೆಯಿತ್ತು, ನನಗೂ ಇತ್ತು; ಅವನ ಅಂಜಿಕೆಯು ಅವನನ್ನು ದಂಡೆಯ ಮೇಲೆ ಮಲಗಿಸಿತು, ಅಂದರೆ ಮಾಡಬೇಕಾದ ಉಚಿತ ಕಾರ್ಯವನ್ನೇ ಮಾಡಿಸಿತು; ನನ್ನದು ನನ್ನ ಬುದ್ಧಿಯನ್ನೇ ಕಸಿದುಕೊಂಡಿತು. ಇದನ್ನು ಮಗಳ ಮುಂದೆ ಹೇಳಿದೆನು. ಆಕೆಯು ಈಗ ಹುಬ್ಬಳ್ಳಿಯಲ್ಲಿ ಸಂಸಾರಸ್ಥಳು. ನನಗೆ ತಿಳಿಸದೆ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಈಜನ್ನು ಕಲಿತಿದ್ದಳೆಂಬುವದು ಆಗ ಹೊರಬಿತ್ತು. “ಅಪ್ಪಾ, ನೀವೂ ಬರ್ರಿ” ಎಂದಿಷ್ಟೇ ಹೇಳಿದಳು. ನನ್ನ ಮನೆಯವರಿಗೆ ಈ ಸಂಗತಿಯು ಸರಿಬೀಳಲಿಲ್ಲ. “ಸತ್ತಮೇಲೆ ಹೇಗೂ ಎಳ್ಳುನೀರು ಬಿಡುವರು, ಬದುಕಿರುವಾಗಲೇ ನೀರಿಗೆ ಬಿಡುವ ಅವಸರವೇನು?” ಎಂದು ಕೇಳಿದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂಜಾನೆಯ ಗಾಡಿಯನ್ನು ಹಿಡಿದು ಹುಬ್ಬಳ್ಳಿಯ ಒಂದು ಈಜುಗೊಳಕ್ಕೆ ವಾರಕ್ಕೆರಡು ದಿನ, ನಾಲ್ಕು ತಿಂಗಳು ಹೋದೆನು. ಸಂಗಡಿಗರೆಲ್ಲರೂ ಏಳೆಂಟು ವರುಷದ ಮಕ್ಕಳು. ಅವರ ನಡುವೆ ಐವತ್ತನಾಲ್ಕರ ವಿದ್ಯಾರ್ಥಿಯು ಹೇಗೆ ಕಂಡಿರಬೇಕೆಂಬುವದನ್ನು ವಾಚಕರೇ ಊಹಿಸಿಕೊಳ್ಳಲಿ. ಎದೆಯುದ್ದದ ನೀರಿನಲ್ಲಿ ನಿಂತು ಮೋರೆಯನ್ನು ಮುಳುಗಿಸಿ, ಬಾಯಿಂದ ಗುಳ್ಳೆಗಳನ್ನು ಬಿಡುವದು ಮೊದಲನೆಯ ಪಾಠ. ಮೊದಲನೆಯದಷ್ಟೇ ಅಲ್ಲ, ನನ್ನ ಮಟ್ಟಿಗೆ ಮುಖ್ಯವಾದದ್ದೂ ಅದೇ. ಕಾಗದ ಬರೆದ ಗೃಹಿಣಿಯರು ಇಲ್ಲಿ ಸ್ವಲ್ಪ ಲಕ್ಷ್ಯಕೊಟ್ಟು ಓದಬೇಕು.

ನೀರು ಮೋರೆಗೆ ತಾಗಿದೊಡನೆ ಅಂಜಿದವನು ಮಾಡುವ ಮೊದಲನೆಯ ಕೆಲಸವೆಂದರೆ ಉಸಿರು ಕಟ್ಟುವದು. ಬಳಿಕ ತಲೆಯನ್ನೆತ್ತಿ ಮೇಲಿಂದ ಮೇಲೆ ಎಳೆದುಕೊಳ್ಳುವನು. ಹೊರಗೆ ಬಿಡುವದನ್ನು ಮರೆಯುವನು. ಎದೆಯು ತುಂಬಿಯೇ ಇರುವದು, ಆದರೂ ಗಾಳಿ ಸಾಲದೆಂದು ತೋರುವದು. ನಮಗೆ ಉಸಿರುಗಟ್ಟಿದಂತೆ ತೋರುವದು ಪ್ರಾಯಶಃ ಆಮ್ಲಜನಕವು ಕಡಿಮೆಯಾದದ್ದರಿಂದಲ್ಲ, ಹೊರಗೆ ಹೋಗಬೇಕಾದ ಇಂಗಾಲದ ಡೈ ಆಕ್ಸೈಡು ರಕ್ತದಲ್ಲಿ ಹೆಚ್ಚಾದದ್ದರಿಂದ. ಆದಕಾರಣ ಅಂಥ ಸಮಯದಲ್ಲಿ ಮತ್ತಷ್ಟು ಎಳೆದುಕೊಳ್ಳುವದು ಔಷಧವಲ್ಲ. ನಿಧಾನವಾಗಿ, ಪೂರ್ತಿಯಾಗಿ ಹೊರಗೆ ಬಿಡುವದೇ ಔಷಧ. ಬಿಟ್ಟರೆ ಒಳಗೆ ಬರುವದು ತಾನಾಗಿಯೇ ಬರುವದು. ಈ ಒಂದು ವಿಷಯವನ್ನು ನನ್ನ ತಲೆಯು ಒಂದು ದಿನದಲ್ಲಿ ತಿಳಿದುಕೊಂಡಿತು. ನನ್ನ ಎದೆಯು ತಿಳಿದುಕೊಳ್ಳಲಿಕ್ಕೆ ಆರು ವಾರ ಹಿಡಿಯಿತು. ಧೈರ್ಯ ಹೇಳುವದರಿಂದ ಇದು ಬೇಗ ಆಗುವದೆಂದು ಯಾರೂ ತಿಳಿಯಬಾರದು. “ಅಂಜಬೇಡ” ಎಂಬ ಮಾತನ್ನು ನಾನು ಆ ಆರು ವಾರಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದೆನು. ಅದರಿಂದ ನನಗಾದ ಉಪಯೋಗವು ಶೂನ್ಯ; “ಉಸಿರು ಬಿಡು” ಎಂಬ ಮಾತಿನಿಂದ ಆದ ಉಪಯೋಗವು ಬಹಳ.

ಈಜು ಬಂದಮೇಲೆ ಸಮುದ್ರದ ಮಾತು ಬಂದಿತು. ಭಟ್ಕಳ ತಾಲೂಕಿನ ಮುರ್ಡೇಶ್ವರದ ಎದುರಿಗೆ, ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿಯೆಂಬ ಕಲ್ಲುಗುಡ್ಡದ ನಡುಗಡ್ಡೆಯುಂಟು. ಸುತ್ತಲಿನ ನೀರಿನಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಇರುವದರಿಂದ ಬೆನ್ನಿಗೆ ಗಾಳಿಯ ಪಾತ್ರೆಯನ್ನು ಕಟ್ಟಿಕೊಂಡು ಮುಳುಗುವ ವಿದ್ಯೆಯನ್ನು, ಅಂದರೆ ಸ್ಕೂಬಾ ಎಂದು ಈಗ ಎಲ್ಲರೂ ಕರೆಯುವದನ್ನು, ಅಲ್ಲಿ ಕಲಿಸುವರು. ಮಳೆಗಾಲದಲ್ಲಿ ನಿಲ್ಲಿಸಿ, ಕಡಲು ತಣ್ಣಗಾದಮೇಲೆ ತಿರುಗಿ ಆರಂಭಿಸುವರು. ಈಜು ಬಾರದವರನ್ನೂ ಒಬ್ಬ ಶಿಕ್ಷಕನು ಕೈಹಿಡಿದು ಒಂದು ಸಲ ಇಳಿಸಿ ತೋರಿಸುವ ರೂಢಿಯುಂಟು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಅದು ನೋಟವೇ ಹೊರತು ಕಲಿಕೆಯಲ್ಲ. ನಿಜವಾಗಿ ಕಲಿಯಬೇಕೆನ್ನುವವನು 200 ಮೀಟರು ಈಜಿಯೂ, ಹತ್ತು ನಿಮಿಷ ತೇಲಿಯೂ ತೋರಿಸಬೇಕಾಗುವದು.

ಈ ಸಾಧನದ ಕಥೆಯು ಸ್ವಾರಸ್ಯವಾಗಿರುವದು. 1943ರಲ್ಲಿ, ಫ್ರಾನ್ಸ್ ದೇಶವು ಜರ್ಮನರ ವಶದಲ್ಲಿದ್ದಾಗ, ಝಾಕ್ ಕುಸ್ತೋ ಎಂಬ ನೌಕಾಧಿಕಾರಿಯೂ ಎಮಿಲ್ ಗನ್ಯಾನ್ ಎಂಬ ಯಂತ್ರಶಿಲ್ಪಿಯೂ ಕೂಡಿ ಇದನ್ನು ಕಂಡುಹಿಡಿದರು. ಯುದ್ಧದಲ್ಲಿ ಪೆಟ್ರೋಲು ಸಿಕ್ಕದೆ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಿತ್ತು. ಎಂಜಿನು ಎಳೆದಷ್ಟೇ ಅನಿಲವನ್ನು ಬಿಡುವ ಒಂದು ಕವಾಟವನ್ನು ಗನ್ಯಾನನು ಅದಕ್ಕಾಗಿ ಸಿದ್ಧಪಡಿಸಿದ್ದನು. ಎಂಜಿನಿನ ಸ್ಥಾನದಲ್ಲಿ ಮನುಷ್ಯನ ಎದೆಯನ್ನಿಟ್ಟರೆ ಹೇಗೆಂಬುವದೇ ಕುಸ್ತೋವಿನ ಯೋಚನೆ. ಮುಳುಗುವವನು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರು ಇಂದಿಗೂ ಅದೇ ತತ್ತ್ವದ ಮೇಲೆ ನಡೆಯುವದು; ಎಳೆದರೆ ಕೊಡುವದು, ಬಿಟ್ಟರೆ ಸುಮ್ಮನಿರುವದು, ಎಷ್ಟು ಆಳವಿದ್ದರೆ ಅಷ್ಟು ಒತ್ತಡದ ಗಾಳಿಯನ್ನು ಕೊಡುವದು. ಸಿಲಿಂಡರಿನಲ್ಲಿ ಆಮ್ಲಜನಕವಿರುವದೆಂದು ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು, ಅದು ತಪ್ಪು. ನಾವು ಕಟ್ಟೆಯ ಮೇಲೆ ಕೂತು ಸೇವಿಸುವ ಗಾಳಿಯನ್ನೇ ಸೋಸಿ, ಒಣಗಿಸಿ, ಒತ್ತಿ ತುಂಬಿರುವರು. ಬರೇ ಆಮ್ಲಜನಕವು ಆರೇಳು ಮೀಟರಿನ ಕೆಳಗೆ ವಿಷವಾದೀತು. ನಮ್ಮೂರಿನ ಪಂಪನು ತನ್ನ ಭಾರತದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದಲ್ಲಿ ಮುಳುಗಿಸಿ ಕೂಡ್ರಿಸಿರುವನಷ್ಟೆ. ಅವನಿಗೆ ಮಂತ್ರಬಲವಿತ್ತು, ನಮಗೆ ಈ ಕವಾಟವೇ ಮಂತ್ರ.

ಮುರ್ಡೇಶ್ವರಕ್ಕೆ ಹೋದ ದಿನ ಮೊದಲು ಒಂದು ಪ್ರಶ್ನಪತ್ರಿಕೆಯನ್ನು ಕೊಟ್ಟರು. ಹೃದಯದ ಬೇನೆಯುಂಟೋ, ದಮ್ಮುಂಟೋ, ಮೂರ್ಛೆಯುಂಟೋ, ಕಿವಿ ಸೋರುವದೋ ಎಂದು ಅದರಲ್ಲಿ ಕೇಳಿತ್ತು. ನೆಗಡಿಯಾದವನು ಅಂದು ಇಳಿಯಲಾಗದು. ನಾನು ಊರಿನಲ್ಲಿಯೇ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆನು. ಈ ವಯಸ್ಸಿನವರು ಹಾಗೆ ಮಾಡುವದೇ ಲೇಸು. ಬಳಿಕ ಶಿಕ್ಷಕನು ನಿಯಮಗಳನ್ನು ಹೇಳಿದನು. ಅವನು ಕರಾವಳಿಯ ಮೀನುಗಾರರ ಮನೆತನದ ಯುವಕ, ಮಾತು ಕಡಿಮೆ. ಮೊದಲನೆಯ ನಿಯಮವನ್ನು ಕೇಳಿ ನಾನು ಬೆರಗಾದೆನು: ನೀರೊಳಗೆ ಎಂದೆಂದಿಗೂ ಉಸಿರು ಕಟ್ಟಕೂಡದು.

ಇದರ ಕಾರಣವನ್ನು 1662ರಲ್ಲಿಯೇ ರಾಬರ್ಟ್ ಬಾಯಲ್ ಎಂಬ ಪಂಡಿತನು ಬರೆದಿಟ್ಟಿರುವನು. ಒತ್ತಡವು ಇಮ್ಮಡಿಯಾದರೆ ಗಾಳಿಯ ಗಾತ್ರವು ಅರ್ಧವಾಗುವದು. ಸಮುದ್ರದಲ್ಲಿ ಹತ್ತು ಮೀಟರು ಇಳಿದರೆ ಒತ್ತಡವು ಮೇಲಿನದಕ್ಕಿಂತ ಇಮ್ಮಡಿ. ಅಲ್ಲಿ ಎದೆತುಂಬ ಎಳೆದುಕೊಂಡ ಗಾಳಿಯನ್ನು ಬಿಡದೆ ಹಿಡಿದು ಮೇಲೆ ಬಂದರೆ ಅದು ಇಮ್ಮಡಿಯಾಗಿ ಹಿಗ್ಗಿ, ಶ್ವಾಸಕೋಶವನ್ನೇ ಹರಿದೀತು. ಒಂದೆರಡು ಮೀಟರಿನ ಆಳದಿಂದ ಬಂದರೂ ಈ ಅಪಾಯವುಂಟು. ಅಂದರೆ ಬಾವಿಯಲ್ಲಿ ಬಿದ್ದ ದಿನದಿಂದ ನನ್ನ ಮೈಯು ಯಾವದನ್ನು ಪ್ರಾಣರಕ್ಷಣೆಯ ಉಪಾಯವೆಂದು ನಂಬಿತ್ತೋ, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವದು, ಅದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಅಂಜಿಕೆಯ ಮಾತನ್ನು ಕೇಳಿದವನಿಗೆ ಇಲ್ಲಿ ಮರಣವಿದೆ ಎಂಬ ಇಷ್ಟು ಸ್ಪಷ್ಟವಾದ ಶಾಸ್ತ್ರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಅಂದು ಆಳವಿಲ್ಲದ ನೀರಿನಲ್ಲಿ ಅಭ್ಯಾಸ. ರೆಗ್ಯುಲೇಟರಿನಿಂದ ಉಸಿರಾಡುವದು ಬೇಗ ಬಂದಿತು. ಆರು ವಾರದ ಗುಳ್ಳೆಗಳು ಉಪಯೋಗಕ್ಕೆ ಬಂದವು. ಮಾಸ್ಕಿನ ಪಾಠವು ಮಾತ್ರ ನನ್ನನ್ನು ಸೋಲಿಸಿತು. ಕಣ್ಣು-ಮೂಗುಗಳನ್ನು ಮುಚ್ಚಿದ ಗಾಜಿನ ಮಾಸ್ಕಿನೊಳಗೆ ಬೇಕೆಂದೇ ನೀರನ್ನು ಬಿಟ್ಟುಕೊಂಡು, ತಲೆಯನ್ನು ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಟ್ಟು ಆ ನೀರನ್ನು ಹೊರದೂಡಬೇಕು. ನೀರು ಮೂಗಿಗೆ ಬಂದದ್ದೇ ತಡ, ನಾನು ಒಂಬತ್ತು ವರುಷದವನಾದೆನು. ಹಸಿಮೆಣಸಿನಕಾಯಿ, ಹಸಿರು ಬೆಳಕು, ಎಲ್ಲವೂ ಬಂದವು. ನಿಂತರೆ ಸೊಂಟದವರೆಗೆ ಬರುವ ನೀರಿನಲ್ಲಿ ಮೂರು ಸಲ ಕೂಗಿಕೊಂಡು ಎದ್ದೆನು. ಸಾಕು, ಊರಿಗೆ ಹೋಗೋಣವೆಂದು ಮಗಳಿಗೆ ಹೇಳಿದೆನು. ಶಿಕ್ಷಕನು ನಗಲೂ ಇಲ್ಲ, ಹುರಿದುಂಬಿಸಲೂ ಇಲ್ಲ. “ಯಾವಾಗ ಬೇಕಾದರೂ ಬಿಡಬಹುದು, ಕಾರಣ ಯಾರೂ ಕೇಳುವದಿಲ್ಲ; ಇದೂ ಒಂದು ನಿಯಮ” ಎಂದು ಹೇಳಿ ದಂಡೆಯ ಮೇಲೆ ಕೂತನು. ಬಿಡಬಹುದೆಂದು ತಿಳಿದಮೇಲೆ ಬಿಡುವ ಅವಸರವು ಹೇಗೋ ಕಡಿಮೆಯಾಯಿತು. ಕಾಲು ತಾಸಿನ ಮೇಲೆ ನಾನೇ ಎದ್ದು ಹೋದೆನು. “ಈ ಸಲ ಮಾಸ್ಕಿನ ವಿಚಾರ ಬಿಡಿ, ಬಾಯಿಂದ ನಾಲ್ಕು ಎಣಿಸುವವರೆಗೆ ಎಳೆಯಿರಿ, ಮೂಗಿನಿಂದ ಆರು ಎಣಿಸುವವರೆಗೆ ಬಿಡಿ, ಅಷ್ಟೇ” ಎಂದನು. ಎಣಿಸಿದೆನು. ಆರಕ್ಕೆ ಮುಟ್ಟುವದರೊಳಗೆ ಗಾಜಿನೊಳಗೆ ನೀರಿರಲಿಲ್ಲ. ನಾಲ್ವತ್ತೈದು ವರುಷಗಳ ಮೇಲೆ ಆ ಬಾವಿಯಿಂದ ನನ್ನ ಕಾಲಿನ ಬಲದಿಂದಲೇ ಮೇಲೆ ಬಂದಂತಾಯಿತು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ನೇತ್ರಾಣಿಗೆ ಹೊರಟೆವು. ಹಿಂದೆ ಶಿವನ ದೊಡ್ಡ ಮೂರ್ತಿಯು ಸಣ್ಣದಾಗುತ್ತ ಹೋಗಿ ಬೆರಳಿನಷ್ಟಾಯಿತು. ಮುಂದೆ ಕಪ್ಪು ಬಂಡೆಗಳೂ ಅವುಗಳ ಮೇಲೆ ಕಾಡೂ, ಕಾಡಿನ ಮೇಲೆ ತಿರುಗುವ ಬಿಳಿಹೊಟ್ಟೆಯ ಕಡಲಹದ್ದುಗಳೂ ಕಂಡವು. ಎರೆಯ ಬಯಲಿನಂತೆಯೇ ಎಲ್ಲೆಲ್ಲಿಯೂ ಅಡ್ಡಗೆರೆಯಂಥ ದಿಗಂತ; ಅಷ್ಟರಮಟ್ಟಿಗೆ ನನಗೆ ಊರಿನಲ್ಲಿದ್ದಂತೆ ಅನಿಸಿದ್ದು ನಿಜ. ದೋಣಿಯ ಅಂಚಿನಲ್ಲಿ ಬೆನ್ನು ಹಿಂದಾಗಿ ಕೂತು, ಮಾಸ್ಕನ್ನು ಕೈಯಿಂದ ಒತ್ತಿಹಿಡಿದು, ಹಿಂದಕ್ಕೆ ಉರುಳಿದೆನು. ಈ ಸಲ ಯಾರೂ ನೂಕಲಿಲ್ಲ.

ಲಂಗರಿನ ಹಗ್ಗವನ್ನು ಹಿಡಿದು ಇಳಿಯುವದು. ಎರಡು ಮೀಟರು ಇಳಿಯುವಷ್ಟರಲ್ಲಿ ಬಲಗಿವಿಯಲ್ಲಿ ನೋವು. ಹೊರಗಿನ ನೀರು ಕಿವಿಯ ತೊಗಲನ್ನು ಒಳಕ್ಕೆ ಒತ್ತುವದರಿಂದ ಹೀಗಾಗುವದು. ಮೂಗನ್ನು ಹಿಂಡಿಹಿಡಿದು ಮೆಲ್ಲಗೆ ಊದಿದರೆ ಒಳಗಿನ ಗಾಳಿಯು ಸಮನಾಗುವದು. ನೋವಾದಮೇಲೆ ಅಲ್ಲ, ನೋವಾಗುವದಕ್ಕೆ ಮೊದಲೇ ಊದಬೇಕೆಂದು ಹೇಳಿದ್ದನ್ನು ನಾನು ಮರೆತಿದ್ದೆನು. ಅರ್ಧ ಮೀಟರು ಮೇಲೆ ಬಂದು ಊದಿದೆನು. ಕಿವಿಯಲ್ಲಿ ಕಡಲೆ ಸಿಡಿದಂತೆ ಸದ್ದಾಗಿ ನೋವು ಹೋಯಿತು. ಸರಿಯಾಯಿತೋ ಎಂದು ಶಿಕ್ಷಕನು ಸನ್ನೆ ಮಾಡಿದನು. ಸಂತೋಷದಿಂದ ಹೆಬ್ಬೆರಳನ್ನೆತ್ತಿ ತೋರಿಸಿದೆನು. ನೀರೊಳಗೆ ಹೆಬ್ಬೆರಳಿನ ಅರ್ಥವು ‘ಮೇಲೆ ಹೋಗೋಣ’ ಎಂದಾಗುವದು. ಅವನು ಸೌಜನ್ಯದಿಂದ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದನು! ತಿರುಗಿ ಇಳಿಯಬೇಕಾಯಿತು. ಹೆಬ್ಬೆರಳು-ತೋರುಬೆರಳುಗಳನ್ನು ಕೂಡಿಸಿ ಉಂಗುರ ಮಾಡಿದರೆ ಕ್ಷೇಮವೆಂದು ಅರ್ಥ. ನನ್ನಂತೆ ಸಂತೋಷಪಡುವವರು ಇದನ್ನು ನೆನಪಿನಲ್ಲಿಡಬೇಕು.

ನಾಲ್ಕೈದು ಮೀಟರಿನಲ್ಲಿ ಅಂಜಿಕೆಯು ಮತ್ತೆ ಬಂದಿತು. ಮೇಲೆ ನೋಡಿದೆನು, ಅದೇ ಹಸಿರು ಬೆಳಕು. ಎದೆಯು ಡವಡವ ಹೊಡೆದುಕೊಂಡಿತು, ಉಸಿರು ಚಿಕ್ಕದಾಯಿತು. ಶಿಕ್ಷಕನು ನನ್ನ ಮುಂಗೈಯನ್ನು ಹಿಡಿದು, ತನ್ನ ಮತ್ತೊಂದು ಕೈಯಿಂದ ತನ್ನ ಗುಳ್ಳೆಗಳನ್ನು ತೋರಿಸಿದನು. ನೆಟ್ಟಗೆ, ನಿಧಾನವಾಗಿ, ದೊಡ್ಡ ದೊಡ್ಡವಾಗುತ್ತ ಅವು ಏರುತ್ತಿದ್ದವು. ನನ್ನವು ಹುರಿಯುವ ಅರಳಿನಂತೆ ಚದುರುತ್ತಿದ್ದವು. ನನ್ನ ಗುಳ್ಳೆಗಳನ್ನು ಅವನ ಗುಳ್ಳೆಗಳಂತೆ ಮಾಡಬೇಕೆಂದು ಬಿಡಲಾರಂಭಿಸಿದೆನು. ಎಷ್ಟು ಹೊತ್ತಾಯಿತೋ ತಿಳಿಯದು. ಎಲ್ಲಿಂದಲೋ ಕಟಕಟನೆ ಕಬ್ಬು ಕಡಿಯುವಂಥ ಸದ್ದು ಕೇಳಿತು. ನೀರಿನಲ್ಲಿ ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ವೇಗವಾಗಿ ಹೋಗುವದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವದಿಲ್ಲ. ಹುಡುಕಿ ನೋಡಿದರೆ ಗಿಳಿಮೀನುಗಳ ಹಿಂಡು. ಗಿಳಿಯ ಕೊಕ್ಕಿನಂಥ ಬಾಯಿಂದ ಬಂಡೆಯನ್ನು ಕೆರೆದು ತಿನ್ನುತ್ತಿದ್ದವು. ನೀರಿನಲ್ಲಿ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುವದರಿಂದ ಅವು ನನಗೆ ಹೋತಮರಿಗಳಷ್ಟು ದೊಡ್ಡವೆಂದು ತೋರಿದವು. ನನ್ನ ಕೈಗೆ ಕಟ್ಟಿದ್ದ ಗುಡಿಯ ಕೆಂಪುದಾರವು ಕಪ್ಪಾಗಿತ್ತು. ಬೆಳಕಿನ ಕೆಂಪು ಬಣ್ಣವನ್ನು ನೀರು ಎಲ್ಲಕ್ಕಿಂತ ಮೊದಲು ನುಂಗಿಬಿಡುವದು. ಉಸಿರನ್ನು ತುಂಬಿಕೊಂಡರೆ ಗೇಣು ಮೇಲೇಳುವೆನು, ಬಿಟ್ಟರೆ ಗೇಣು ಇಳಿಯುವೆನು. ಇದನ್ನೇ ಆಟವಾಗಿ ಆಡುತ್ತಿದ್ದೆನೆಂಬುವದು ಆಡಲು ತೊಡಗಿದ ಬಹಳ ಹೊತ್ತಿನ ಮೇಲೆ ನನಗೆ ಹೊಳೆಯಿತು.

ಅಂಜಿಕೆಯು ಹೋಯಿತೇ ಎಂದು ಕೇಳಿದರೆ, ಹೋಗಲಿಲ್ಲ. ಮಧ್ಯಾಹ್ನ ಎರಡನೆಯ ಸಲ ಇಳಿಯುವಾಗ ಅದೇ ನಾಲ್ಕೈದು ಮೀಟರಿನಲ್ಲಿ, ಹಾಜರಿ ಹಾಕುವ ಗುಮಾಸ್ತನಂತೆ, ಬಂದು ನಿಂತಿತು. ಈ ಸಲ ಅದರ ಮಾತನ್ನು ಕೇಳಿಕೊಂಡು, ಉಸಿರು ಬಿಟ್ಟುಕೊಂಡು, ನಾನು ಕೆಳಗೆ ಹೋದೆನು. ಅಂದಿನ ರಾತ್ರಿ ಮುರ್ಡೇಶ್ವರದಲ್ಲಿಯೇ ಉಳಿದೆವು. ಆಳದಲ್ಲಿ ರಕ್ತದೊಳಗೆ ಸೇರಿದ ಸಾರಜನಕವು ಮೆಲ್ಲಗೆ ಹೊರಬೀಳಬೇಕಾದ್ದರಿಂದ ಮುಳುಗಿದ ದಿನವೇ ವಿಮಾನ ಹತ್ತುವದಾಗಲಿ ಘಟ್ಟದ ಮೇಲೆ ಏರುವದಾಗಲಿ ಒಳ್ಳೆಯದಲ್ಲ. ಮರುದಿನ ಅರಬೈಲು ಘಟ್ಟವನ್ನು ಹತ್ತಿ ಊರಿಗೆ ಬಂದೆವು.

ಊರಿಗೆ ಬಂದಮೇಲೆ ಮಾಡಿದ ಕೆಲಸಗಳು ಸಣ್ಣವು. ಆ ನೆರೆಯ ಹೊಲದ ಹೊಂಡಕ್ಕೆ ಮುಳ್ಳುತಂತಿಯ ಬೇಲಿಯಾಯಿತು. ನಾಲ್ಕು ಮೂಲೆಗೂ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟೆವು. ಗಂಟುಗಳನ್ನು ಹಾಕಿದವನು ಅಂದು ಬಿದ್ದಿದ್ದ ಹುಡುಗನೇ. ಗಾಳಿ ತುಂಬಿದ ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದು ಅಲ್ಲಿಯೇ ತೂಗಿರುವದು. ಬಿದ್ದವನನ್ನು ಕಂಡರೆ ಹಾರಬಾರದು. ಮಲಗಿ ಏನನ್ನಾದರೂ ಚಾಚಬೇಕು, ಇಲ್ಲವೆ ಎಸೆಯಬೇಕು. ಕಂಬಳಿ, ರುಮಾಲ, ಸೀರೆ, ಹಗ್ಗ ಕಟ್ಟಿದ ಖಾಲಿ ಕೊಡ, ಯಾವದಾದರೂ ಸರಿ. ಈಜು ಬಲ್ಲವರಿಗೂ ಇದೇ ಮಾತು. 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿರುವದು. ಅವರಲ್ಲಿ ನಾಲ್ಕನೆಯ ಒಂದು ಪಾಲು ಐದು ವರುಷದೊಳಗಿನ ಮಕ್ಕಳು. ಇವರು ಸಮುದ್ರದಲ್ಲಿ ಸಾಹಸ ಮಾಡಹೋದವರಲ್ಲ. ಬಹುಮಟ್ಟಿಗೆ ಮನೆಯ ಹತ್ತಿರದ ನೀರಿನಲ್ಲಿಯೇ ಹೋದವರು.

ಇನ್ನು ಕಾಗದ ಬರೆದ ಗೃಹಿಣಿಯರ ಮಗನ ವಿಷಯ. ಅಮ್ಮಾ, ಅವನನ್ನು ಯಾರೂ ನೂಕದಂತೆ ನೋಡಿಕೊಳ್ಳಿರಿ. ಅಗಲವಾದ ಬೋಗುಣಿಯಲ್ಲಿ ಬೆಚ್ಚನೆಯ ನೀರನ್ನಿಟ್ಟು, ನೀವು ಪಕ್ಕದಲ್ಲಿ ಕೂತು, ಮೊದಲು ನೀವೇ ಮೋರೆಯನ್ನಿಟ್ಟು 'ಗುಳಗುಳ' ಎಂದು ಊದಿ ತೋರಿಸಿರಿ. ಅವನು ಊದಲಿ, ಇಲ್ಲವೆ ಊದದಿರಲಿ. ಎದ್ದು ಹೋಗುವಾಗ ಬೋಗುಣಿಯಲ್ಲಿ ನೀರನ್ನು ಉಳಿಸದೆ ಚೆಲ್ಲಿರಿ. ಊದುವದು ಆಟವಾದಮೇಲೆ, ಚೆನ್ನಾಗಿ ಕಲಿಸುವವರ ಕೈಯಲ್ಲಿ ಎದೆಯುದ್ದದ ನೀರಿಗೆ ಬಿಡಿರಿ. ಎಷ್ಟು ದಿನ ಹಿಡಿಯುವದೆಂದು ಕೇಳಬೇಡಿರಿ; ನನಗೆ ಹಿಡಿದದ್ದನ್ನು ಮೇಲೆ ಬರೆದಿರುವೆನು, ಮಕ್ಕಳು ನನಗಿಂತ ಜಾಣರು.

ನಮ್ಮ ಮನೆಯಲ್ಲಿ ಈ ಬೋಗುಣಿಯ ಆಟವು ಮಗಳ ಮಗಳಿಗಾಗಿ ದಿನಾಲು ಸಂಜೆ ನಡೆಯುವದು. ಎಣಿಸುವವರು ಅವಳ ಅಜ್ಜಿ. ಎಳ್ಳುನೀರಿನ ಮಾತನ್ನು ಅವರು ಮತ್ತೆ ಎತ್ತಿಲ್ಲ. ಹೋದ ವಾರ ನಾನು ಈ ಲೇಖನವನ್ನು ಬರೆಯಲಿಕ್ಕೆ ಮುರ್ಡೇಶ್ವರದ ಕಾಗದಗಳನ್ನು ಹರವಿಕೊಂಡು ಕೂತಾಗ, ಒಳಗಿನಿಂದ ಬಂದು ಸ್ವಲ್ಪ ಹೊತ್ತು ನಿಂತು, “ಅಲ್ಲಿ ಹೆಂಗಸರನ್ನೂ ಇಳಿಸ್ತಾರೇನು?” ಎಂದು ಕೇಳಿದರು. ಇಳಿಸುವರೆಂದೆನು. ಆ ಪ್ರಶ್ನಪತ್ರಿಕೆಯನ್ನು ಇಸಿದುಕೊಂಡು, ಕನ್ನಡಕವನ್ನು ಹಾಕಿಕೊಂಡು, ದೀಪದ ಹತ್ತಿರ ಹೋಗಿ ಕೂತರು.